ಕಾರಿನ ಆಯಿಲ್ ಪಂಪ್: ಪರೀಕ್ಷೆಯಿಂದ ಬದಲಾವಣೆವರೆಗೆ, ಕೊಡಗಿನ ಗಾಡಿಗಳಿಗೊಂದು ಸಮಗ್ರ ಮಾರ್ಗದರ್ಶಿ

ಸಂಪಾಜೆ ಘಾಟಿ ಹತ್ತಿ ಮಡಿಕೇರಿಯಲ್ಲಿ ಗಾಡಿ ನಿಲ್ಲಿಸಿದ ಕೂಡಲೇ ಕೆಂಪು ಆಯಿಲ್ ಲೈಟ್ ಮಿಣುಕುತ್ತದೆ. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ಆರುತ್ತದೆ, ಕಾಲು ತೆಗೆದರೆ ಮತ್ತೆ ಮಿಣುಕುತ್ತದೆ. ಯಾರನ್ನು ಕೇಳಿದರೂ "ಆಯಿಲ್ ಪಂಪ್ ಹೋಗಿದೆ, ಬದಲಾಯಿಸಿ" ಅನ್ನುತ್ತಾರೆ. ಕೆಲವು ಸಲ ಅದು ನಿಜವೇ. ಆದರೆ ತೋಟದ ರಸ್ತೆಯಲ್ಲಿ ಓಡುವ ಗಾಡಿಗಳಲ್ಲಿ ಪಂಪ್‌ಗಿಂತ ಮೊದಲು ಅನುಮಾನ ಪಡಬೇಕಾದ್ದು ಅದರ ಕೆಳಗಿರುವ, ಎಂಜಿನ್ ಆಯಿಲ್ ನಿಲ್ಲುವ ಆಯಿಲ್ ಚೇಂಬರನ್ನು. ಕಲ್ಲು ಬಡಿದು ಚೇಂಬರ್ ಒಳಕ್ಕೆ ನೆಗ್ಗಿದರೆ, ಎಷ್ಟೇ ಒಳ್ಳೆಯ ಪಂಪ್ ಇದ್ದರೂ ಅದಕ್ಕೆ ಎಳೆದುಕೊಳ್ಳಲು ಆಯಿಲ್ ಸಿಗುವುದಿಲ್ಲ. ಹಾಗಾಗಿ ಮೊದಲು ಅಳೆಯಿರಿ, ಆಮೇಲೆ ಬಿಚ್ಚಿ.

ಇಲ್ಲಿ ಹೇಳುವ ಕ್ರಮ ಮುಖ್ಯವಾಗಿ ಮಾರುತಿ 800, ಓಮ್ನಿ, ಜಿಪ್ಸಿಯಂಥ ಪೆಟ್ರೋಲ್ ಎಂಜಿನ್‌ಗಳಿಗೆ. ಇವು ಈಗಲೂ ನಮ್ಮ ತೋಟಗಳಲ್ಲಿ ದಿನಾ ದುಡಿಯುತ್ತಿವೆ. ಈ ಎಂಜಿನ್‌ಗಳಲ್ಲಿ ಕ್ರ್ಯಾಂಕ್ ಶಾಫ್ಟನ್ನು (ಪಿಸ್ಟನ್‌ಗಳು ತಿರುಗಿಸುವ ದಂಡ) ಕ್ಯಾಮ್ ಶಾಫ್ಟಿಗೆ ಜೋಡಿಸುವ ಟೈಮಿಂಗ್ ಬೆಲ್ಟ್ ಇರುತ್ತದೆ, ಆಯಿಲ್ ಪಂಪ್ ಕ್ರ್ಯಾಂಕ್ ಶಾಫ್ಟಿನ ಮುಂದಿನ ತುದಿಯಲ್ಲೇ ಕೂತಿರುತ್ತದೆ. ಟೈಮಿಂಗ್ ಚೈನ್ ಇರುವ ಹೊಸ ಕಾರುಗಳಲ್ಲಿ ಬಿಚ್ಚುವ ಕ್ರಮ ಬೇರೆ, ಕೆಲಸವೂ ಜಾಸ್ತಿ. ಹಳೆಯ ಡೀಸೆಲ್ ಜೀಪುಗಳ ಕೆಲವು ಎಂಜಿನ್‌ಗಳಲ್ಲಿ ಪಂಪ್ ಚೇಂಬರಿನ ಒಳಗೇ ಇರುತ್ತದೆ. ಪರೀಕ್ಷೆ ಮಾಡುವ ರೀತಿ ಮಾತ್ರ ಎಲ್ಲದಕ್ಕೂ ಹೆಚ್ಚುಕಡಿಮೆ ಒಂದೇ.

ಪಂಪ್ ಮಾಡುವ ಕೆಲಸ

ಚೇಂಬರಿನ ತಳದಲ್ಲಿ ಒಂದು ಜಾಲರಿ ಇರುತ್ತದೆ, ಅದೇ ಸ್ಟ್ರೈನರ್. ಪಂಪ್ ಅದರ ಮೂಲಕ ಆಯಿಲ್ ಎಳೆದು ಫಿಲ್ಟರಿಗೆ ತಳ್ಳುತ್ತದೆ. ಅಲ್ಲಿಂದ ಆಯಿಲ್ ಕ್ರ್ಯಾಂಕನ್ನು ಹೊರುವ ಮೇನ್ ಬೇರಿಂಗ್, ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರುವಲ್ಲಿನ ಬಿಗ್ ಎಂಡ್ ಬೇರಿಂಗ್, ಮೇಲೆ ಹೆಡ್ಡಿನಲ್ಲಿದ್ದು ವಾಲ್ವ್‌ಗಳನ್ನು ತೆರೆಯುವ ಕ್ಯಾಮ್ ಶಾಫ್ಟ್ ಹೀಗೆ ಎಲ್ಲಾ ಕಡೆ ಹೋಗುತ್ತದೆ. ಪಂಪಿನ ಒಳಗೆ ಒಂದರೊಳಗೊಂದು ತಿರುಗುವ ಎರಡು ಗೇರ್ ಇರುತ್ತವೆ. ಒಳಗಿನದನ್ನು ಕ್ರ್ಯಾಂಕ್ ನೇರವಾಗಿ ತಿರುಗಿಸುತ್ತದೆ, ಹೊರಗಿನದು ಅದರ ಜೊತೆ ಸುತ್ತುತ್ತದೆ. ಒತ್ತಡ ಮಿತಿ ಮೀರಿದರೆ ಹೆಚ್ಚಿನ ಆಯಿಲನ್ನು ವಾಪಸ್ ಬಿಡಲು ಸ್ಪ್ರಿಂಗ್ ಇರುವ ರಿಲೀಫ್ ವಾಲ್ವ್ ಇದೆ.

ಒಂದು ಮಾತು ನೆನಪಿಡಿ. ಪಂಪ್ ಆಯಿಲನ್ನು ಹರಿಸುತ್ತದೆ ಅಷ್ಟೆ. ಆ ಹರಿವಿಗೆ ಬೇರಿಂಗುಗಳ ಸಣ್ಣ ಸಂದಿಗಳು ಕೊಡುವ ತಡೆಯಿಂದಲೇ ಒತ್ತಡ ಹುಟ್ಟುವುದು. ಬೇರಿಂಗ್ ಸವೆದು ಸಂದಿ ದೊಡ್ಡದಾದರೆ ಹೊಸ ಪಂಪ್ ಹಾಕಿದರೂ ಒತ್ತಡ ಪೂರ್ತಿ ಬರುವುದಿಲ್ಲ. ಇದು ಗೊತ್ತಿಲ್ಲದೆ ಪಂಪಿಗೆ ದುಡ್ಡು ಸುರಿದವರು ಜಾಸ್ತಿ.

ಲೈಟ್ ಹತ್ತಿದ ತಕ್ಷಣ

ಎಂಜಿನ್ ಆಫ್ ಮಾಡಿ. "ಸುಂಟಿಕೊಪ್ಪದವರೆಗೆ ನಿಧಾನಕ್ಕೆ ಹೋಗಿಬಿಡೋಣ" ಅನ್ನುವ ಆಸೆ ಬೇಡ. ಆಯಿಲಿನ ಪದರ ಇಲ್ಲದೆ ಬೇರಿಂಗ್ ಕೆಲವೇ ನಿಮಿಷಗಳಲ್ಲಿ ಸುಟ್ಟುಹೋಗಬಹುದು. ಆಗ ಕೆಲಸ ಪಂಪಿನಿಂದ ಕ್ರ್ಯಾಂಕಿಗೆ, ಕ್ರ್ಯಾಂಕಿನಿಂದ ಲೇತಿಗೆ ಬೆಳೆಯುತ್ತದೆ. ಗಾಡಿಯನ್ನು ಕಟ್ಟಿ ಎಳೆಸಿಕೊಂಡು ಬನ್ನಿ, ಅದೇ ಅಗ್ಗ.

ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಆಯಿಲ್ ಮಟ್ಟ ತೋರಿಸುವ ಗೇಜ್ ಕಡ್ಡಿ ನೋಡಿ. ನಮ್ಮ ಕಡೆ ಅಂಗಳಗಳೇ ಇಳಿಜಾರು, ಹಾಗಾಗಿ ಈ ಸಮತಟ್ಟು ಅನ್ನುವ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಆಯಿಲ್ ಕಡಿಮೆ ಇದ್ದರೆ ಮೊದಲು ಸರಿಯಾದ ಮಟ್ಟಕ್ಕೆ ತುಂಬಿ, ಎಲ್ಲಿ ಸೋರುತ್ತಿದೆ ಹುಡುಕಿ. ಬೆರಳಿಗೆ ಹಚ್ಚಿ ಮೂಸಿ. ಪೆಟ್ರೋಲ್ ವಾಸನೆ ಬಂದರೆ ಆಯಿಲ್ ತೆಳುವಾಗಿದೆ. ಹಾಲು ಹಾಕಿದ ಕಾಫಿಯ ಬಣ್ಣವಿದ್ದರೆ ರೇಡಿಯೇಟರ್ ನೀರು ಸೇರಿರಬಹುದು, ಆಗ ಪಂಪನ್ನು ಬಿಟ್ಟು ಹೆಡ್ಡಿಗೂ ಬ್ಲಾಕಿಗೂ ನಡುವಿನ ಹೆಡ್ ಪ್ಯಾಕಿಂಗ್ ಕಡೆ ನೋಡಬೇಕು.

ಮಟ್ಟ ಸರಿಯಿದ್ದರೆ ಮುಂದಿನ ಅನುಮಾನ ಆಯಿಲ್ ಪ್ರೆಶರ್ ಸ್ವಿಚ್ ಮೇಲೆ. ಒಂದೇ ವೈರ್ ಇರುವ ಸಣ್ಣ ಸ್ವಿಚ್ ಅದು, ಎಂಜಿನ್ ಬ್ಲಾಕಿನಲ್ಲಿ ಇರುತ್ತದೆ. ಒತ್ತಡ ಇಲ್ಲದಾಗ ಅದು ವೈರನ್ನು ಅರ್ತ್‌ಗೆ ಸೇರಿಸಿ ಲೈಟ್ ಹತ್ತಿಸುತ್ತದೆ. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ, ಸ್ವಿಚ್ಚಿನ ವೈರ್ ಕಿತ್ತು ಗಾಳಿಯಲ್ಲಿ ಹಿಡಿಯಿರಿ. ಲೈಟ್ ಆರಬೇಕು. ಆರದಿದ್ದರೆ ವೈರ್ ಎಲ್ಲೋ ಸುಲಿದು ಬಾಡಿಗೆ ತಾಗಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ, ಹಿಂಗಾರಿನ ಮಂಜು ಎಲ್ಲ ಸೇರಿ ಇಲ್ಲಿ ವೈರಿಂಗ್ ಬೇಗ ಹಾಳಾಗುತ್ತದೆ. ನೂರು ರೂಪಾಯಿಯಲ್ಲಿ ಮುಗಿಯುವ ಕೆಲಸಕ್ಕೆ ಎಂಜಿನ್ ಬಿಚ್ಚುವುದು ಬೇಡ ಅಲ್ವಾ?

ಒತ್ತಡ ಅಳೆಯುವುದು

ಈ ಹಂತ ಬಿಡಲೇಬೇಡಿ. ಡ್ಯಾಶ್‌ಬೋರ್ಡಿನ ಲೈಟ್ ಒತ್ತಡ ತೀರಾ ಬಿದ್ದ ಮೇಲಷ್ಟೇ ಹತ್ತುತ್ತದೆ, ಎಷ್ಟು ಬಿದ್ದಿದೆ ಎಂದು ಹೇಳುವುದಿಲ್ಲ. ಮೆಕ್ಯಾನಿಕಲ್ ಆಯಿಲ್ ಪ್ರೆಶರ್ ಗೇಜ್ ಬೇಕು. ಕೈಯಲ್ಲಿ ಇಲ್ಲದಿದ್ದರೆ ವರ್ಕ್‌ಶಾಪಿನಿಂದ ಒಂದು ದಿನಕ್ಕೆ ಕೇಳಿ ತನ್ನಿ.

ಎಂಜಿನನ್ನು ಚೆನ್ನಾಗಿ ಬಿಸಿ ಮಾಡಿ, ಆಫ್ ಮಾಡಿ, ಸ್ವಿಚ್ ಬಿಚ್ಚಿ ಅದೇ ತೂತಿಗೆ ಗೇಜಿನ ಅಡಾಪ್ಟರ್ ಕೂರಿಸಿ. ಥ್ರೆಡ್ ಹೊಂದುತ್ತದೆಯೇ ಎಂದು ಕೈಯಲ್ಲೇ ತಿರುಗಿಸಿ ನೋಡಿ, ಬಲವಂತ ಮಾಡಿದರೆ ಬ್ಲಾಕಿನ ಥ್ರೆಡ್ ಹೋಗುತ್ತದೆ. ಎಂಜಿನ್ ಸ್ಟಾರ್ಟ್ ಮಾಡಿ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ) ಒಮ್ಮೆ, 3000 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತು) ಸುಮಾರಿಗೆ ಒಮ್ಮೆ ಮುಳ್ಳು ಎಲ್ಲಿದೆ ನೋಡಿ ಬರೆದಿಟ್ಟುಕೊಳ್ಳಿ. ನಿಮ್ಮ ಎಂಜಿನ್ನಿನ ಸರ್ವಿಸ್ ಮ್ಯಾನುಯಲ್‌ನಲ್ಲಿರುವ ಅಂಕಿಯೇ ಅಂತಿಮ. ಅದು ಸಿಗುವವರೆಗೆ ಒಂದು ಸ್ಥೂಲ ಲೆಕ್ಕ ಇಟ್ಟುಕೊಳ್ಳಬಹುದು: ಪ್ರತಿ 1000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ (ಒತ್ತಡದ ಅಳತೆ). ಅಂದರೆ 3000ಕ್ಕೆ 30 ಪಿಎಸ್‌ಐಗೆ ಕಡಿಮೆ ಇರಬಾರದು.

ಮುಳ್ಳು ನಡೆದುಕೊಳ್ಳುವ ರೀತಿಯಿಂದಲೇ ಬಹಳಷ್ಟು ತಿಳಿಯುತ್ತದೆ. ತಣ್ಣಗಿದ್ದಾಗ ಒತ್ತಡ ಚೆನ್ನಾಗಿದ್ದು ಬಿಸಿಯಾದ ಮೇಲೆ ಐಡಲ್‌ನಲ್ಲಿ ಬಿದ್ದರೆ ಪಂಪ್ ಅಥವಾ ಬೇರಿಂಗ್ ಸವೆದಿದೆ. ಘಾಟಿ ಹತ್ತಿದ ಮೇಲೆ ಲೈಟ್ ಮಿಣುಕುವುದೂ ಇದೇ ಕಾರಣಕ್ಕೆ, ಬಿಸಿಗೆ ಆಯಿಲ್ ತೆಳ್ಳಗಾಗಿರುತ್ತದೆ. ತಣ್ಣಗಿದ್ದಾಗಲೂ, ಎಷ್ಟು ರೇಸ್ ಕೊಟ್ಟರೂ ಒತ್ತಡ ಏರದಿದ್ದರೆ ರಿಲೀಫ್ ವಾಲ್ವ್ ತೆರೆದೇ ಸಿಕ್ಕಿಕೊಂಡಿರಬಹುದು ಅಥವಾ ಸ್ಟ್ರೈನರ್ ಕಟ್ಟಿರಬಹುದು. ಮುಳ್ಳು ನಡುಗುತ್ತಿದ್ದರೆ ಪಂಪ್ ಆಯಿಲ್ ಜೊತೆ ಗಾಳಿಯನ್ನೂ ಎಳೆಯುತ್ತಿದೆ. ಸ್ಟ್ರೈನರ್ ಪೈಪಿನ ಓ-ರಿಂಗ್ (ಸೋರದಂತೆ ಹಾಕುವ ರಬ್ಬರ್ ಉಂಗುರ) ಒಡೆದಿರುವ ಸಾಧ್ಯತೆ ಹೆಚ್ಚು. ಎಂಜಿನ್ನಿನ ಕೆಳಭಾಗದಿಂದ ಲೋಡ್ ಬಿದ್ದಾಗ ಗಟ್ಟಿಯಾಗಿ ಬಡಿಯುವ ಸದ್ದು ಬರುತ್ತಿದ್ದರೆ ಬೇರಿಂಗ್ ಆಗಲೇ ಹೋಗಿದೆ ಅಂತಲೇ ತಿಳಿಯಿರಿ. ಆಗ ಪಂಪ್ ಒಂದನ್ನೇ ಬದಲಾಯಿಸುವುದರಲ್ಲಿ ಅರ್ಥವಿಲ್ಲ.

ದಪ್ಪ ಆಯಿಲ್ ಹಾಕಿ ಲೈಟ್ ಆರಿಸುವ ಉಪಾಯವನ್ನು ಹಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಡಿಸೆಂಬರಿನ ಮಡಿಕೇರಿ ಚಳಿಯಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಆ ದಪ್ಪ ಆಯಿಲ್ ಹೆಡ್ಡಿಗೆ ಏರಲು ಹೆಚ್ಚು ಹೊತ್ತು ಬೇಕು. ಲೈಟ್ ಆರುತ್ತದೆ, ಸವೆತ ನಿಲ್ಲುವುದಿಲ್ಲ. ಕಂಪನಿ ಹೇಳಿದ ಗ್ರೇಡಿನ ಹೊಸ ಆಯಿಲ್, ಒಳ್ಳೆಯ ಫಿಲ್ಟರ್ ಹಾಕಿ ಇನ್ನೊಮ್ಮೆ ಅಳೆದು ನೋಡಿ. ಆಗಲೂ ಕಡಿಮೆ ಬಂದರೆ ಬಿಚ್ಚುವ ಕೆಲಸಕ್ಕೆ ಇಳಿಯಿರಿ.

ಬಿಚ್ಚುವ ಮೊದಲು

ಕಾಫಿ ಕೊಯ್ಲು ಮುಗಿದು ಮಳೆ ಹಿಡಿಯುವ ಮುಂಚಿನ ಏಪ್ರಿಲ್-ಮೇ ತಿಂಗಳು ಇದಕ್ಕೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಎಂಜಿನ್ ತೆರೆದಿಟ್ಟು ಒಂದು ಪ್ಯಾಕಿಂಗಿಗಾಗಿ ಕಾಯುವುದು ಬೇಡ. ಕುಶಾಲನಗರದಲ್ಲಿ ಸಿಗದ ಭಾಗಕ್ಕೆ ಮೈಸೂರು ಅಥವಾ ಮಂಗಳೂರಿಗೆ ಹೇಳಿ ಕಳಿಸಬೇಕಾಗುತ್ತದೆ, ಘಾಟಿಯಲ್ಲಿ ಮಣ್ಣು ಜರಿದರೆ ಅದೂ ಬರುವುದಿಲ್ಲ. ಹಾಗಾಗಿ ಪಂಪ್, ಪಂಪ್ ಪ್ಯಾಕಿಂಗ್, ಕ್ರ್ಯಾಂಕಿನ ಮುಂದಿನ ಆಯಿಲ್ ಸೀಲ್, ಸ್ಟ್ರೈನರ್ ಓ-ರಿಂಗ್, ಚೇಂಬರ್ ಪ್ಯಾಕಿಂಗ್ ಅಥವಾ ಅದರ ಬದಲು ಬಳಿಯುವ ಅನಾಬಾಂಡ್ ಪೇಸ್ಟ್, ಡ್ರೈನ್ ಬೋಲ್ಟಿನ ವಾಷರ್, ಆಯಿಲ್, ಫಿಲ್ಟರ್ ಎಲ್ಲವನ್ನೂ ಮೊದಲೇ ತಂದಿಡಿ. ಟೈಮಿಂಗ್ ಬೆಲ್ಟ್ ಹೇಗೂ ಬಿಚ್ಚುತ್ತೀರಿ. ಅದಕ್ಕೆ ವಯಸ್ಸಾಗಿದ್ದರೆ ಹೊಸ ಬೆಲ್ಟ್ ಮತ್ತು ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರನ್ನೂ ಈಗಲೇ ಹಾಕಿಬಿಡಿ. ವಾಟರ್ ಪಂಪಿನಲ್ಲಿ ಸೋರಿಕೆ ಇದ್ದರೆ ಅದನ್ನೂ.

ಸಾಮಾನುಗಳಲ್ಲಿ ಸಾಕೆಟ್ ಸೆಟ್, ರಿಂಗ್ ಸ್ಪ್ಯಾನರುಗಳು, ಪುಲ್ಲಿ ಎಳೆದು ತೆಗೆಯುವ ಪುಲ್ಲರ್, ಸಣ್ಣ ಸಂದಿ ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್, ಒಂದು ನೇರವಾದ ಉಕ್ಕಿನ ಸ್ಕೇಲ್, ಮತ್ತು ಎಷ್ಟು ಬಿಗಿಯಾಗಿದೆ ಎಂದು ತೋರಿಸುವ ಟಾರ್ಕ್ ರೆಂಚ್ ಇರಲೇಬೇಕು. ಪಂಪಿನ ಮೈ ಅಲ್ಯೂಮಿನಿಯಂ. ಸಣ್ಣ ಬೋಲ್ಟುಗಳನ್ನು ಕೈ ಅಂದಾಜಿನಲ್ಲಿ ಬಿಗಿದು ಥ್ರೆಡ್ ಕಿತ್ತುಬರುವುದು ಸಾಮಾನ್ಯ.

ಕೆಲಸಕ್ಕೆ ಜಾಗ ಅಂದರೆ ತೋಟದ ಮನೆಯವರಿಗೆ ಮೊದಲು ನೆನಪಾಗುವುದು ಕಾಫಿ ಕಣ. ಸಿಮೆಂಟ್ ನೆಲ, ಸಮತಟ್ಟು, ಒಳ್ಳೆಯ ಬೆಳಕು. ಆದರೆ ಬೀಜ ಒಣಗಿಸುವ ನೆಲಕ್ಕೆ ಆಯಿಲ್ ಬಿದ್ದರೆ ಅದರ ವಾಸನೆ ಕಾಫಿಗೆ ಅಂಟುತ್ತದೆ. ದಪ್ಪ ಟಾರ್ಪಾಲ್ ಹಾಸಿ, ಮೇಲೆ ಮರದ ಹುಡಿ ಚೆಲ್ಲಿ, ಕಣದ ಮೂಲೆಯಲ್ಲಷ್ಟೇ ನಿಲ್ಲಿಸಿ. ಶೆಡ್ ಇದ್ದರೆ ಅದೇ ಮೇಲು. ಗಾಡಿಯನ್ನು ಜಾಕಿನಿಂದ ಎತ್ತಿ ಗಟ್ಟಿಯಾದ ಸ್ಟ್ಯಾಂಡ್ ಮೇಲೆ ಕೂರಿಸಿ, ಹಿಂದಿನ ಚಕ್ರಕ್ಕೆ ಅಡ್ಡ ಕೊಡಿ. ಹಾಲೋ ಬ್ಲಾಕ್ ಮೇಲೆ ಯಾವತ್ತೂ ಬೇಡ, ಅದು ಒಮ್ಮೆಲೇ ಪುಡಿಯಾಗುತ್ತದೆ, ಕೆಳಗಿದ್ದವರಿಗೆ ಸರಿಯಲು ಸಮಯ ಸಿಗುವುದಿಲ್ಲ.

ಚೇಂಬರ್ ಬಿಚ್ಚಿ ನೋಡಿ

ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಉಗುರು ಬೆಚ್ಚಗಿರುವಾಗಲೇ ಆಯಿಲ್ ಇಳಿಸಿ, ಜೊತೆಗೆ ಕಸವೂ ಬರುತ್ತದೆ. ಜಿಪ್ಸಿಯಲ್ಲಿ ಮುಂದಿನ ಆಕ್ಸಲ್ ಅಡ್ಡ ಬರುತ್ತದೆ. ಚಾಸಿ ಎತ್ತಿ ಆಕ್ಸಲ್ಲನ್ನು ಕೆಳಗೆ ಜೋತುಬಿಟ್ಟರೆ ಜಾಗ ಆಗುತ್ತದೆ. ಚೇಂಬರಿನ ಬೋಲ್ಟುಗಳನ್ನೆಲ್ಲ ತೆಗೆದ ಮೇಲೂ ಅದು ಅಂಟಿಕೊಂಡಿರುತ್ತದೆ. ತೆಳುವಾದ ಬ್ಲೇಡ್ ತೂರಿಸಿ ಸುತ್ತಲೂ ಬಿಡಿಸಿಕೊಳ್ಳಿ, ಸ್ಕ್ರೂಡ್ರೈವರ್ ಮೀಟಿದರೆ ಅಂಚು ಸೊಟ್ಟಗಾಗಿ ಮುಂದೆ ಸೋರುತ್ತದೆ.

ಈಗ ಅವಸರ ಬೇಡ. ಸ್ಟ್ರೈನರಿನ ಬಾಯಿಗೂ ಚೇಂಬರಿನ ತಳಕ್ಕೂ ಇರುವ ಅಂತರ ಕೆಲವೇ ಮಿಲಿಮೀಟರ್. ಹೊರಗಿನಿಂದ ಸಣ್ಣದಾಗಿ ಕಂಡ ನೆಗ್ಗು ಒಳಗೆ ಆ ಅಂತರವನ್ನೆಲ್ಲ ತಿಂದುಹಾಕಿರಬಹುದು. ನೆಗ್ಗಿದ ಜಾಗದ ಒಳಗೆ ಸ್ಟ್ರೈನರಿನ ಅಚ್ಚು, ಉಂಗುರದಂಥ ಹೊಳಪು ಗುರುತು ಬಿದ್ದಿದ್ದರೆ ಕಾರಣ ಸಿಕ್ಕಿತು ಅಂತಲೇ. ಚೇಂಬರನ್ನು ಮರದ ಸುತ್ತಿಗೆಯಿಂದ ಬಡಿದು ಮಟ್ಟ ಮಾಡಿ ಅಥವಾ ಬೇರೆಯದು ಹಾಕಿ, ಸ್ಟ್ರೈನರ್ ಪೈಪ್ ಬಾಗಿದೆಯೇ ನೋಡಿ.

ಜಾಲರಿಯನ್ನು ಬೆಳಕಿಗೆ ಹಿಡಿದು ನೋಡಿ. ಕಪ್ಪು ಜಿಗುಟು, ರಬ್ಬರಿನಂಥ ತುಣುಕು, ಹಿಂದಿನ ಸಲ ಯಾರೋ ಧಾರಾಳವಾಗಿ ಮೆತ್ತಿದ ಅನಾಬಾಂಡಿನ ಎಳೆ, ಇವೆಲ್ಲ ಸಿಗುತ್ತವೆ. ತಳದ ಕೆಸರಿನಲ್ಲಿ ಆಯಸ್ಕಾಂತ ಆಡಿಸಿ. ಅದಕ್ಕೆ ಅಂಟಿದರೆ ಉಕ್ಕು. ಅಂಟದೆ ಬೆಳ್ಳಗೆ ಅಥವಾ ತಾಮ್ರದ ಬಣ್ಣದಲ್ಲಿ ಮಿನುಗಿದರೆ ಬೇರಿಂಗಿನ ಲೋಹ. ಅಂಥ ಮಿನುಗು ಕಂಡರೆ ಒಂದು ಬಿಗ್ ಎಂಡ್ ಕ್ಯಾಪ್ ಬಿಚ್ಚಿ ಬೇರಿಂಗ್ ನೋಡದೆ ಮುಂದೆ ಹೋಗಬೇಡಿ.

ನೆಗ್ಗು ಅಥವಾ ಕಟ್ಟಿದ ಸ್ಟ್ರೈನರ್ ಸಿಕ್ಕಿ, ಬೇರಿಂಗ್ ಚೆನ್ನಾಗಿದ್ದರೆ ಇಲ್ಲಿಯೇ ನಿಲ್ಲಿಸಬಹುದು. ಸ್ವಚ್ಛ ಮಾಡಿ, ಹೊಸ ಓ-ರಿಂಗ್ ಹಾಕಿ, ಮುಚ್ಚಿ, ಮತ್ತೆ ಒತ್ತಡ ಅಳೆಯಿರಿ. ಸರಿ ಬಂದರೆ ಪಂಪ್ ತಂದ ಅಂಗಡಿಗೇ ವಾಪಸ್ ಹೋಗಲಿ.

ಪಂಪ್ ಹೊರತೆಗೆಯುವುದು

ಜಿಪ್ಸಿಯಲ್ಲಿ ಕೂಲೆಂಟ್ ಇಳಿಸಿ ರೇಡಿಯೇಟರ್, ಫ್ಯಾನ್ ತೆಗೆದರೆ ಮುಂದೆ ಆರಾಮ. 800ರಲ್ಲಿ ಎಂಜಿನ್ ಅಡ್ಡಲಾಗಿ ಕೂತಿರುವುದರಿಂದ ಚಕ್ರ ಬಿಚ್ಚಿ ಪಕ್ಕದಿಂದ ಕೈ ಹಾಕಬೇಕು. ಫ್ಯಾನ್ ಬೆಲ್ಟ್ ತೆಗೆದು, ಕ್ರ್ಯಾಂಕ್ ಪುಲ್ಲಿ ಬಿಚ್ಚಿ, ಟೈಮಿಂಗ್ ಕವರ್ ತೆಗೆಯಿರಿ. ಕ್ರ್ಯಾಂಕ್ ಬೋಲ್ಟ್ ತುಂಬಾ ಬಿಗಿ. ಫ್ಲೈವೀಲಿನ ಹಲ್ಲಿಗೆ ಲಾಕ್ ಕೊಟ್ಟು ತಿರುಗಿಸಿ. ಸ್ಪ್ಯಾನರನ್ನು ಚಾಸಿಗೆ ಒರಗಿಸಿ ಸೆಲ್ಫ್ ಹೊಡೆದು ಸಡಿಲಿಸುವ ಅಭ್ಯಾಸ ಅಪಾಯದ್ದು.

ಕ್ರ್ಯಾಂಕನ್ನು ಅದು ತಿರುಗುವ ದಿಕ್ಕಿನಲ್ಲೇ ತಿರುಗಿಸಿ ಕ್ಯಾಮ್ ಮತ್ತು ಕ್ರ್ಯಾಂಕ್ ಎರಡರ ಟೈಮಿಂಗ್ ಗುರುತುಗಳನ್ನೂ ಹೊಂದಿಸಿ. ಮೊಬೈಲಿನಲ್ಲಿ ಎದುರಿನಿಂದ ಒಂದು ಫೋಟೋ ತೆಗೆದಿಡಿ. ಹಳೆಯ ಬೆಲ್ಟನ್ನೇ ಮತ್ತೆ ಹಾಕುವುದಾದರೆ ತಿರುಗುವ ದಿಕ್ಕಿಗೆ ಬಾಣದ ಗುರುತು ಹಾಕಿ. ಟೆನ್ಷನರ್ ಸಡಿಲಿಸಿ ಬೆಲ್ಟ್ ತೆಗೆದ ಮೇಲೆ ಕ್ಯಾಮ್ ಆಗಲಿ ಕ್ರ್ಯಾಂಕ್ ಆಗಲಿ ಸುಮ್ನೆ ತಿರುಗಿಸಬೇಡಿ. ಕೆಲವು ಎಂಜಿನ್‌ಗಳಲ್ಲಿ ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯುತ್ತದೆ.

ಕ್ರ್ಯಾಂಕಿನ ಟೈಮಿಂಗ್ ಪುಲ್ಲಿ ಎಳೆದು ತೆಗೆಯಿರಿ, ಅದರ ಸಣ್ಣ ಕೀಯನ್ನು ಡಬ್ಬಿಯಲ್ಲಿಡಿ. ಅಡ್ಡ ಬರುವ ಆಲ್ಟರ್ನೇಟರ್ ಬ್ರಾಕೆಟ್, ಗೇಜ್ ಕಡ್ಡಿಯ ಪೈಪ್, ಸ್ಟ್ರೈನರ್ ಎಲ್ಲ ತೆಗೆದು ಕೊನೆಗೆ ಪಂಪಿನ ಬೋಲ್ಟುಗಳಿಗೆ ಬನ್ನಿ. ಇವುಗಳ ಉದ್ದ ಒಂದೇ ಇರುವುದಿಲ್ಲ. ಒಂದು ರಟ್ಟಿನ ಮೇಲೆ ಪಂಪಿನ ಆಕಾರ ಬರೆದು, ಯಾವ ಬೋಲ್ಟ್ ಎಲ್ಲಿಯದೋ ಅಲ್ಲೇ ಚುಚ್ಚಿಡಿ.

ಪಂಪಿನ ಒಳಗನ್ನು ಅಳೆಯುವುದು

ಹಿಂದಿನ ಪ್ಲೇಟಿನ ಸ್ಕ್ರೂಗಳು ಬಿಗಿಯಾಗಿರುತ್ತವೆ, ಇಂಪ್ಯಾಕ್ಟ್ ಡ್ರೈವರ್ ಬೇಕಾಗಬಹುದು. ಪ್ಲೇಟ್ ತೆಗೆದ ಕೂಡಲೇ ಹೊರಗಿನ ಗೇರಿನ ಯಾವ ಮುಖ ಮೇಲಿತ್ತು ಅಂತ ಮಾರ್ಕರ್‌ನಲ್ಲಿ ಗುರುತು ಹಾಕಿ. ಪೆಟ್ರೋಲಿನಲ್ಲಿ ತೊಳೆದು ಒಣಗಿಸಿ.

ಮೊದಲು ಕಣ್ಣಿಗೆ, ಬೆರಳಿಗೆ ಕೆಲಸ ಕೊಡಿ. ಗೇರ್ ಮತ್ತು ಪಂಪಿನ ಒಳಗೋಡೆ ಮೇಲೆ ಉಗುರು ಎಳೆಯಿರಿ. ಗೆರೆ ಕಂಡರೂ ಉಗುರು ಸಲೀಸಾಗಿ ಜಾರಿದರೆ ಚಿಂತೆಯಿಲ್ಲ. ಉಗುರು ಗೆರೆಗೆ ಸಿಕ್ಕಿಕೊಂಡರೆ ಪಂಪ್ ಮುಗಿಯಿತು, ಅಳೆಯುವ ಅಗತ್ಯವೂ ಇಲ್ಲ.

ಹೊರಗಿನ ಗೇರಿಗೂ ಪಂಪಿನ ಗೋಡೆಗೂ ನಡುವೆ ಫೀಲರ್ ಗೇಜ್ ತೂರಿಸಿ. ಈ ತರಹದ ಸಣ್ಣ ಪೆಟ್ರೋಲ್ ಎಂಜಿನ್‌ಗಳಲ್ಲಿ ಮಿತಿ ಸುಮಾರು 0.3 ಮಿ.ಮೀ. ನಂತರ ಪಂಪಿನ ಮುಖದ ಮೇಲೆ ಸ್ಕೇಲನ್ನು ಅಂಚಿಗೆ ನಿಲ್ಲಿಸಿ, ಅದಕ್ಕೂ ಗೇರಿನ ಮೇಲ್ಮೈಗೂ ಇರುವ ಸಂದಿ ನೋಡಿ. ಇಲ್ಲಿ ಮಿತಿ ಸುಮಾರು 0.15 ಮಿ.ಮೀ. ನನ್ನ ಅನುಭವದಲ್ಲಿ ಈ ಎರಡನೆಯದೇ ಹೆಚ್ಚು ಮುಖ್ಯ, ಬಿಸಿ ಆಯಿಲ್ ಜಾರಿಹೋಗುವುದು ಇಲ್ಲಿಂದಲೇ. ನಿಮ್ಮ ಎಂಜಿನ್ನಿನ ಮ್ಯಾನುಯಲ್ ಬೇರೆ ಅಂಕಿ ಹೇಳಿದರೆ ಅದನ್ನೇ ಹಿಡಿಯಿರಿ.

ರಿಲೀಫ್ ವಾಲ್ವನ್ನು ಹಿಡಿದಿಡುವ ಸರ್ಕ್ಲಿಪ್ ತೆಗೆಯುವಾಗ ಹೆಬ್ಬೆರಳು ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ಸ್ಪ್ರಿಂಗ್ ಕಾಫಿ ಗಿಡದ ಬುಡ ಸೇರುತ್ತದೆ. ಒಳಗಿನ ಪ್ಲಂಜರಿಗೆ ಆಯಿಲ್ ಹಚ್ಚಿ ತೂತಿಗೆ ಬಿಟ್ಟರೆ ತನ್ನ ಭಾರಕ್ಕೇ ಜಾರಿ ಇಳಿಯಬೇಕು. ಎಲ್ಲೋ ಒಂದು ಕಡೆ ತಡೆದರೆ ಅದರ ಮೇಲೆ ಗೆರೆ ಬಿದ್ದಿದೆ ಅಥವಾ ಕಸ ಕೂತಿದೆ.

ಗೇರ್ ಮಾತ್ರ ಬದಲಾಯಿಸಿ ಹಳೆಯ ಮೈ ಉಳಿಸಿಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ. ಗೇರ್ ಸವೆಯುವಾಗ ಗೋಡೆಯೂ ಸವೆದಿರುತ್ತದೆ. ಇಷ್ಟೆಲ್ಲ ಬಿಚ್ಚಿದ ಮೇಲೆ ಪೂರ್ತಿ ಪಂಪೇ ಹಾಕಿ.

ಹೊಸ ಪಂಪ್ ಕೂರಿಸುವುದು

ಹೊಸದನ್ನು ಹಳೆಯದರ ಪಕ್ಕ ಇಟ್ಟು ಬೋಲ್ಟಿನ ತೂತು, ಸ್ಟ್ರೈನರಿನ ಜಾಗ, ಒಳಗಿನ ಗೇರಿನ ಹಿಡಿತ ಎಲ್ಲ ಹೋಲಿಸಿ. ಬ್ಲಾಕಿನ ಮುಖದಲ್ಲಿರುವ ಹಳೆಯ ಪ್ಯಾಕಿಂಗನ್ನು ಪ್ಲಾಸ್ಟಿಕ್ ತುಂಡಿನಿಂದ ಕೆರೆಯಿರಿ. ಎಮರಿ ಪೇಪರ್ ಉಜ್ಜಬೇಡಿ, ಆ ಪುಡಿ ಒಳಗೆ ಬಿದ್ದರೆ ಹೊಸ ಪಂಪೂ ಸವೆಯುತ್ತದೆ.

ಪಂಪಿನ ಒಳಗೆ ಎಂಜಿನ್ ಆಯಿಲ್ ತುಂಬಿ ಗೇರನ್ನು ಕೈಯಲ್ಲಿ ತಿರುಗಿಸಿ. ಆಯಿಲ್ ಸೋರಿಹೋಗುವುದಾದರೆ ಗೇರಿನ ಸಂದಿಗೆ ವ್ಯಾಸಲೀನ್ ತುಂಬಬಹುದು, ಅದು ಬಿಸಿ ಆಯಿಲಿನಲ್ಲಿ ಕರಗಿಹೋಗುತ್ತದೆ. ಗ್ರೀಸ್ ಮಾತ್ರ ಬೇಡ. ಒಣ ಪಂಪ್ ಆಯಿಲ್ ಎಳೆಯುವುದಿಲ್ಲ, ಬರೀ ಗಾಳಿಯಲ್ಲಿ ಸುತ್ತುತ್ತದೆ. ಅಷ್ಟರಲ್ಲಿ ಬೇರಿಂಗಿಗೆ ಏಟು ಬಿದ್ದಿರುತ್ತದೆ.

ಹೊಸ ಆಯಿಲ್ ಸೀಲಿನ ತುಟಿಗೆ ಆಯಿಲ್ ಹಚ್ಚಿ. ಕ್ರ್ಯಾಂಕಿನ ತುದಿಯಲ್ಲಿ ಚೂಪು ಅಂಚಿದೆ, ಸೀಲ್ ಅದರ ಮೇಲೆ ಹಾಯುವಾಗ ತುಟಿ ಮಡಚಿಕೊಳ್ಳುತ್ತದೆ. ತೆಳುವಾದ ನಯ ಪ್ಲಾಸ್ಟಿಕ್ ಹಾಳೆಯನ್ನು ಕ್ರ್ಯಾಂಕಿನ ತುದಿಗೆ ಸುತ್ತಿ, ಪಂಪನ್ನು ಅದರ ಮೇಲೆ ಜಾರಿಸಿ, ಆಮೇಲೆ ಹಾಳೆ ಎಳೆದುಬಿಡಿ. ಗೇರ್ ಕ್ರ್ಯಾಂಕಿನ ಚಪ್ಪಟೆ ಭಾಗಕ್ಕೆ ಸರಿಯಾಗಿ ಕೂತರೆ ಪಂಪ್ ಬ್ಲಾಕಿಗೆ ತಾನಾಗಿಯೇ ಒರಗುತ್ತದೆ. ಬೋಲ್ಟ್ ಬಿಗಿದು ಎಳೆದು ಕೂರಿಸಲು ಹೋದರೆ ಮೈ ಬಿರುಕು ಬಿಡುತ್ತದೆ. ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಈ ಸಣ್ಣ ಬೋಲ್ಟುಗಳಿಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸು ಸಾಕು.

ಬಿಗಿದ ಮೇಲೆ ಕೆಳಗಿನಿಂದ ನೋಡಿ. ಪಂಪಿನ ಪ್ಯಾಕಿಂಗ್ ಚೇಂಬರ್ ಕೂರುವ ಮುಖಕ್ಕಿಂತ ಒಂದು ಚೂರು ಕೆಳಗೆ ಇಣುಕುತ್ತಿರುತ್ತದೆ. ಹರಿತವಾದ ಬ್ಲೇಡಿನಿಂದ ಅದನ್ನು ಸಮಮಟ್ಟಕ್ಕೆ ಕತ್ತರಿಸಿ. ಇದನ್ನು ಬಿಟ್ಟರೆ ಚೇಂಬರ್ ಆ ಮೂಲೆಯಲ್ಲಿ ಎದ್ದು ನಿಂತು ಆಯಿಲ್ ಹನಿಯುತ್ತಲೇ ಇರುತ್ತದೆ.

ಸ್ಟ್ರೈನರನ್ನು ಹೊಸ ಓ-ರಿಂಗ್ ಜೊತೆ ಹಾಕಿ. ಚೇಂಬರಿಗೆ ಅನಾಬಾಂಡ್ ಬಳಸುವುದಾದರೆ 3 ಮಿ.ಮೀ. ದಪ್ಪದ ಒಂದೇ ಎಳೆ, ಬೋಲ್ಟ್ ತೂತಿನ ಒಳಬದಿಯಿಂದ. ಜಾಸ್ತಿ ಹಾಕಿದ್ದು ಒಳಗೇ ಹಿಂಡಿಕೊಂಡು ಉದುರಿ ಮತ್ತೆ ಸ್ಟ್ರೈನರಿಗೆ ಬರುತ್ತದೆ. ಮಳೆಗಾಲದ ತೇವದಲ್ಲಿ ಮುಖಗಳನ್ನು ಚೆನ್ನಾಗಿ ಒರೆಸಿಕೊಳ್ಳಿ, ಟ್ಯೂಬಿನ ಮೇಲೆ ಹೇಳಿದಷ್ಟು ಹೊತ್ತು ಕಾದು ಆಯಿಲ್ ತುಂಬಿ. ಟೈಮಿಂಗ್ ಬೆಲ್ಟ್ ಹಾಕಿ ಗುರುತು ಹೊಂದಿಸಿದ ಮೇಲೆ ಕ್ರ್ಯಾಂಕನ್ನು ಕೈಯಲ್ಲಿ ಪೂರ್ತಿ ಎರಡು ಸುತ್ತು ತಿರುಗಿಸಿ ಗುರುತು ಮತ್ತೆ ಹೊಂದುತ್ತದೆಯೇ ನೋಡಿ. ಕ್ರ್ಯಾಂಕ್ ಬೋಲ್ಟಿಗೆ ಮ್ಯಾನುಯಲ್ ಹೇಳಿದ ಟಾರ್ಕ್ ಕೊಡಿ.

ಮೊದಲ ಸ್ಟಾರ್ಟ್

ಫಿಲ್ಟರಿಗೂ ಆಯಿಲ್ ತುಂಬಿ ಹಾಕಿ. ಸ್ವಿಚ್ಚಿನ ಜಾಗದಲ್ಲಿ ಗೇಜ್ ಇರಲಿ. ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆದು, ಕಾರ್ಬುರೇಟರ್ ಗಾಡಿಯಾದರೆ ಇಗ್ನಿಷನ್ ಕಾಯಿಲಿನ ಕನೆಕ್ಷನ್ ಬಿಡಿಸಿ, ಇಂಜೆಕ್ಟರ್‌ನಿಂದ ಪೆಟ್ರೋಲ್ ಸಿಂಪಡಿಸುವ ಎಂಪಿಎಫ್‌ಐ ಆದರೆ ಅದರ ಜೊತೆಗೆ ಫ್ಯುಯಲ್ ಪಂಪಿನ ಫ್ಯೂಸನ್ನೂ ತೆಗೆದು ಸೆಲ್ಫ್ ಹೊಡೆಯಿರಿ. ಹತ್ತು ಸೆಕೆಂಡ್ ಹೊಡೆದು ಸ್ವಲ್ಪ ಬಿಡುವು ಕೊಡಿ, ಮತ್ತೆ ಹೊಡೆಯಿರಿ. ಪ್ಲಗ್ ಇಲ್ಲದ ಕಾರಣ ಎಂಜಿನ್ ಹಗುರವಾಗಿ ತಿರುಗುತ್ತದೆ, ಬೇರಿಂಗಿನ ಮೇಲೆ ಭಾರ ಬೀಳುವುದಿಲ್ಲ. ಗೇಜಿನ ಮುಳ್ಳು ಎದ್ದ ಮೇಲಷ್ಟೇ ಎಲ್ಲ ವಾಪಸ್ ಹಾಕಿ ಸ್ಟಾರ್ಟ್ ಮಾಡಿ. ಹಲವು ಸಲ ಹೊಡೆದರೂ ಮುಳ್ಳು ಅಲುಗದಿದ್ದರೆ ಸ್ಟಾರ್ಟ್ ಮಾಡಲೇಬೇಡಿ, ಸ್ಟ್ರೈನರ್ ಓ-ರಿಂಗ್ ಸರಿಯಾಗಿ ಕೂತಿಲ್ಲ ಅಥವಾ ಪಂಪ್ ಒಣಗಿದೆ.

ಬಿಸಿಯಾದ ಮೇಲೆ ಐಡಲ್ ಮತ್ತು 3000 ಆರ್‌ಪಿಎಂ ಅಂಕಿಗಳನ್ನು ಹಿಂದೆ ಬರೆದಿಟ್ಟದ್ದರ ಪಕ್ಕ ಬರೆಯಿರಿ. ಗೇಜ್ ತೆಗೆದು ಸ್ವಿಚ್ ಹಾಕಿ, ಸೋರಿಕೆ ನೋಡಿ, ಆಯಿಲ್ ಮಟ್ಟ ನೋಡಿ. ಆಮೇಲೆ ಒಂದು ಘಾಟಿ ಹತ್ತಿಸಿ ಬನ್ನಿ, ಸಂಪಾಜೆಯೋ ಮಾಕುಟ್ಟವೋ. ಮೇಲೆ ಬಂದು ಐಡಲ್‌ನಲ್ಲಿ ನಿಂತಾಗಲೂ ಲೈಟ್ ಆರಿದ್ದರೆ ಕೆಲಸ ಸರಿಯಾಗಿದೆ. ಕೆಸರು ಸಿಕ್ಕಿದ್ದ ಎಂಜಿನ್ನಾದರೆ 1000 ಕಿ.ಮೀ. ಒಳಗೆ ಆಯಿಲ್, ಫಿಲ್ಟರ್ ಇನ್ನೊಮ್ಮೆ ಬದಲಾಯಿಸಿ.

ಚೇಂಬರ್ ನೆಗ್ಗಿದ್ದೇ ಕಾರಣವಾಗಿದ್ದರೆ ಅಡಿಗೆ ಒಂದು ಕಬ್ಬಿಣದ ಗಾರ್ಡ್ ಹಾಕಿಸಿ. ಡ್ರೈನ್ ಬೋಲ್ಟ್ ಇರುವಲ್ಲಿ ತೂತು ಬಿಡಿಸಿ, ಮಳೆಗಾಲದಲ್ಲಿ ಅದರೊಳಗೆ ತುಂಬುವ ಮಣ್ಣನ್ನು ಆಗಾಗ ತೊಳೆಯಿರಿ. ಇಳಿಸಿದ ಹಳೆ ಆಯಿಲನ್ನು ಬೇಲಿ ಕಂಬಕ್ಕೆ ಬಳಿಯುವುದು, ತೋಡಿಗೆ ಚೆಲ್ಲುವುದು ಬೇಡ. ಇಲ್ಲಿಯ ತೋಡು ಎಲ್ಲೇ ಹುಟ್ಟಿದರೂ ಹಾರಂಗಿಗೋ ಲಕ್ಷ್ಮಣತೀರ್ಥಕ್ಕೋ ಕಾವೇರಿಗೋ ಸೇರುವಂಥದ್ದೇ ಹೆಚ್ಚು. ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿಟ್ಟು, ಹಳೆ ಆಯಿಲ್ ಸಂಗ್ರಹಿಸುವ ವರ್ಕ್‌ಶಾಪಿಗೆ ಕೊಡಿ.